ಕೆರೆ ಕಟ್ಟಿದರೆ ಸಾಲದು, ಹೂಳೆತ್ತುವವರಿಗೂ ಕೂಲಿ ಬೇಕು

ಹನೂರು ತಾಲ್ಲೂಕಿನ ರಾಮಾಪುರ ಎಂದೊಡನೆ ಪತ್ರಿಕೆಯ ಓದುಗರಿಗೆ ನೆನಪಾಗುವುದು 1992ರಲ್ಲಿ ವೀರಪ್ಪನ್ ತಂಡ ಅಲ್ಲಿನ ಪೊಲೀಸ್ ಠಾಣೆಯ ಮೇಲೆ ನಡೆಸಿದ ದಾಳಿ. ಆ ಊರಿಗೆ ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಚರಿತ್ರೆಯೂ ಇದೆ. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮನೆಯಲ್ಲಿ ಕನ್ನಡ ಆಡುವವರ ಜಿಲ್ಲಾ ಕಚೇರಿ ಇದ್ದದ್ದು ತಮಿಳು ನಾಡಿನ ನಡುವೆ. ಏಕೀಕರಣದ ಫಲವಾಗಿ ಆ ಗಡಿನಾಡಿಗೆ ಕನ್ನಡ ಆಡಳಿತ ಭಾಷೆಯಾಗಿ ತಲುಪಿತು. ಇಂದು ಹೋಬಳಿ ಕೇಂದ್ರದ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯದ ಪ್ರಮಾಣಪತ್ರ ಗಣಕದಿಂದ ಕನ್ನಡದಲ್ಲೇ ಮುದ್ರಿತವಾಗಿ ಕೈಗೆ ಬರುತ್ತದೆ, ಪಹಣಿಯೂ ಅಷ್ಟೆ. ಊರಿನ ಯುವಕರು ಮೊಬೈಲ್‌ನಲ್ಲಿ ಕನ್ನಡದಲ್ಲೇ ಸಂದೇಶ ಕಳುಹಿಸುತ್ತಾರೆ, ಕನ್ನಡದಲ್ಲೇ ಸುದ್ದಿ ಓದುತ್ತಾರೆ.

ಕನ್ನಡವನ್ನು ಕಚೇರಿಗೆ ತಂದವರು ಯಾರೆಂಬುದು ನಮಗೆ ಗೊತ್ತು. ಏಕೀಕರಣದ ಹೋರಾಟಗಾರರ ಹೆಸರುಗಳನ್ನು ಪ್ರತಿ ನವೆಂಬರ್‌ನಲ್ಲಿ ಸ್ಮರಿಸುತ್ತೇವೆ. ಆದರೆ ಮೊಬೈಲ್‌ನ ಪರದೆಗೆ ಕನ್ನಡವನ್ನು ತಂದವರು ಯಾರು, ಅದರ ಖರ್ಚನ್ನು ಯಾರು ಹೊತ್ತರು, ಇನ್ನು ಮುಂದೆ ಯಾರು ಹೊರುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಮಾಹಿತಿ ತಂತ್ರಜ್ಞಾನದ ರಾಜಧಾನಿ ಎಂದು ಕರೆಸಿಕೊಳ್ಳುವ ನಗರವೊಂದನ್ನು ಇಟ್ಟುಕೊಂಡಿರುವ ರಾಜ್ಯ ಈ ಪ್ರಶ್ನೆಯನ್ನು ಇನ್ನೂ ಮುಂದೂಡುವಂತಿಲ್ಲ.

ಒಂದು ಸಣ್ಣ ಉದಾಹರಣೆಯನ್ನು ನೋಡೋಣ. ಯುನಿಕೋಡ್ ವ್ಯವಸ್ಥೆಯಲ್ಲಿ ‘ಸ್ತ್ರೀ’ ಎಂಬ ಅಕ್ಷರ ಆರು ಸಂಕೇತಗಳ ಸರಣಿಯಾಗಿ ಶೇಖರವಾಗಿರುತ್ತದೆ. ಸಕಾರ, ತಕಾರ, ರಕಾರ, ಅವುಗಳ ನಡುವಿನ ಎರಡು ಹಲಂತ ಚಿಹ್ನೆಗಳು ಮತ್ತು ಕೊನೆಯ ಈಕಾರ ಇವಿಷ್ಟನ್ನೂ ಕೂಡಿಸಿ, ಒತ್ತುಗಳನ್ನು ಕೆಳಗಿಳಿಸಿ, ದೀರ್ಘವನ್ನು ಸರಿಯಾದ ಸ್ಥಳದಲ್ಲಿ ಕೂರಿಸುವ ಕೆಲಸವನ್ನು ಒಂದು ತಂತ್ರಾಂಶ ಪ್ರತಿ ಬಾರಿಯೂ ಮಾಡಬೇಕು. ‘ಸೂರ್ಯ’ ಎಂದು ಬರೆದಾಗ ಮೊದಲು ಬರುವ ರೇಫವನ್ನು ಅರ್ಕಾವೊತ್ತಾಗಿಸಿ ಯಕಾರದ ಬಲಕ್ಕೆ ಸರಿಸಬೇಕು. ಇದನ್ನು ಮಾಡುವ ತಂತ್ರಾಂಶಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಲ್ಲಿರುವುದು ‘ಹಾರ್ಫ್‌ಬಜ್’. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಕೆಲಸ ಮಾಡುತ್ತಿರುವುದು ಅದೇ. ಅದರ ಆಕರ ಸಂಕೇತ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಈ ತಂತ್ರಾಂಶವನ್ನು ಬೆಳೆಸಿದವರಲ್ಲಿ ಪ್ರಮುಖರು ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್. ಅವರು ಬೇರೆಬೇರೆ ಕಾಲದಲ್ಲಿ ರೆಡ್‌ಹ್ಯಾಟ್, ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳ ಉದ್ಯೋಗಿಯಾಗಿದ್ದರು. ಎಂದರೆ, ಕನ್ನಡದ ಒತ್ತಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡುವುದರ ಹಿಂದೆ ಅಮೆರಿಕದ ಕಂಪನಿಗಳು ಕೊಟ್ಟ ಸಂಬಳವಿದೆ. ಮೊಬೈಲ್‌ನಲ್ಲಿ ಕಾಣುವ ‘ನೋಟೊ’ ಅಕ್ಷರಶೈಲಿಗೆ ಹಣ ತೊಡಗಿಸಿದ್ದು ಗೂಗಲ್. ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ ‘ಲೋಹಿತ್’ ಅಕ್ಷರಶೈಲಿಗಳ ಸರಣಿಯನ್ನು ಮುಕ್ತ ಪರವಾನಗಿಯಡಿ ಕೊಟ್ಟಿದ್ದು ರೆಡ್‌ಹ್ಯಾಟ್. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ವಿದ್ಯೆಗೆ ಗಡಿಯಿಲ್ಲ. ಆದರೆ ಆರು ಕೋಟಿಗೂ ಹೆಚ್ಚು ಜನರ ರಾಜ್ಯವೊಂದು ತನ್ನ ಲಿಪಿಯ ನಿರ್ವಹಣೆಯನ್ನು ದೂರದ ಕಂಪನಿಗಳ ಔದಾರ್ಯಕ್ಕೆ ಬಿಟ್ಟು ನಿಶ್ಚಿಂತೆಯಿಂದ ಇರುವುದು ವಿವೇಕವೇ?

ಮುಕ್ತ ತಂತ್ರಾಂಶದ ಬಗ್ಗೆ ನಮ್ಮಲ್ಲಿ ಬೇರೂರಿರುವ ದೊಡ್ಡ ತಪ್ಪು ಕಲ್ಪನೆ ಎಂದರೆ ಅದನ್ನು ಉಚಿತ ತಂತ್ರಾಂಶ ಎಂದು ತಿಳಿಯುವುದು. ಉಚಿತ ಬೇರೆ, ಮುಕ್ತ ಬೇರೆ. ಕನ್ನಡದ ಗಣಕ ಚರಿತ್ರೆಯೇ ಇದಕ್ಕೆ ಸಾಕ್ಷಿ. ನಾವೆಲ್ಲ ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸದ ಮೂಲ ನಾಡೋಜ ಕೆ.ಪಿ. ರಾವ್ ಅವರದು. ಅವರು ಅದನ್ನು ಮಾರಲಿಲ್ಲ. ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನೂ ಬಳಸುವವರಿಗೆ ಹಾಗೆಯೇ ಬಿಟ್ಟುಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವನ್ನು ವರ್ಷಗಟ್ಟಲೆ ಉಚಿತವಾಗಿ ನೀಡಿದರು. ಗಣಕದಲ್ಲಿ ಕನ್ನಡ ಬರೆಯಲು ಒಂದು ಇಡೀ ತಲೆಮಾರು ಕಲಿತದ್ದು ಅದರಿಂದ. ಮುಂದೆ ಅದಕ್ಕೆ ಬೆಲೆ ನಿಗದಿಯಾದಾಗ ಗೊಣಗಿದವರು ಅನೇಕರು. ಆದರೆ ಅಷ್ಟು ವರ್ಷ ಒಬ್ಬರೇ ಹೊತ್ತ ಖರ್ಚಿನಲ್ಲಿ ನಮ್ಮ ಪಾಲು ಎಷ್ಟು ಎಂದು ಕೇಳಿದವರು ಎಷ್ಟು ಮಂದಿ?

ಇತ್ತ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಕಚೇರಿಗಳನ್ನು, ಮುದ್ರಣಾಲಯಗಳನ್ನು ತುಂಬಿತು. ಅದೂ ಉಚಿತವೇ. ಆದರೆ ಯುನಿಕೋಡ್‌ಗೆ ಮೊದಲಿನ ಸಂಕೇತ ಪದ್ಧತಿಯಲ್ಲಿ ಬರೆದಿಟ್ಟ ಲಕ್ಷಾಂತರ ಪುಟಗಳು ಯುನಿಕೋಡ್ ಯುಗದಲ್ಲಿ ಅನಾಥವಾದವು. ಅವುಗಳನ್ನು ಹೊಸ ಸಂಕೇತಕ್ಕೆ ಬದಲಾಯಿಸಲು ಪರಿವರ್ತಕಗಳು ಬೇಕಾದವು. ಅಂಥ ಮುಕ್ತ ಪರಿವರ್ತಕಗಳನ್ನು ರಾತ್ರಿ ನಿದ್ದೆಗೆಟ್ಟು ಬರೆದವರಲ್ಲಿ ಬೇರೆಲ್ಲೋ ಉದ್ಯೋಗದಲ್ಲಿದ್ದ ಸ್ವಯಂಸೇವಕರಿದ್ದರು. ಸರ್ಕಾರದ ಹಣದಿಂದ ಆದ ಕೆಲಸದ ಆಕರ ಸಂಕೇತ ಮೊದಲಿನಿಂದಲೂ ಸಾರ್ವಜನಿಕವಾಗಿದ್ದು, ಅದನ್ನು ಕಾಲಕಾಲಕ್ಕೆ ತಿದ್ದುವವರಿಗೆ ಸಂಭಾವನೆಯೂ ಇದ್ದಿದ್ದರೆ ಈ ಪರದಾಟ ಇಷ್ಟು ದೀರ್ಘವಾಗುತ್ತಿರಲಿಲ್ಲ. ಕನ್ನಡಕ್ಕೆ ತಕ್ಕ ತಂತ್ರಾಂಶ ಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಅಷ್ಟು ಹಟ ಹಿಡಿದದ್ದು ಸುಮ್ಮನೆ ಅಲ್ಲ. ಭಾಷೆಯ ಭವಿಷ್ಯ ನಿಘಂಟಿನಲ್ಲಿ ಎಷ್ಟು ಇದೆಯೋ ಗಣಕದಲ್ಲೂ ಅಷ್ಟೇ ಇದೆ ಎಂಬುದನ್ನು ಅವರು ಬೇಗ ಕಂಡುಕೊಂಡಿದ್ದರು.

ಹಾಗಾದರೆ ಜಗತ್ತಿನಲ್ಲಿ ಮುಕ್ತ ತಂತ್ರಾಂಶಕ್ಕೆ ಹಣ ಎಲ್ಲಿಂದ ಬರುತ್ತದೆ? ಸ್ಥೂಲವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು, ಕಂಪನಿಗಳು ತಮ್ಮ ಉದ್ಯೋಗಿಗಳನ್ನೇ ಆ ಕೆಲಸಕ್ಕೆ ಹಚ್ಚುವುದು. ಲಿನಕ್ಸ್‌ನ ತಿರುಳಿನ ಬಹುಪಾಲು ಕೆಲಸವನ್ನು ಇಂದು ಮಾಡುತ್ತಿರುವವರು ಹವ್ಯಾಸಿಗಳಲ್ಲ. ಇಂಟೆಲ್, ರೆಡ್‌ಹ್ಯಾಟ್, ಗೂಗಲ್‌ನಂಥ ಕಂಪನಿಗಳ ಸಂಬಳದಾರರು. ಎರಡನೆಯದು, ಲಾಭಾಪೇಕ್ಷೆಯಿಲ್ಲದ ಪ್ರತಿಷ್ಠಾನಗಳು. 2007ರಲ್ಲಿ ರೂಪುಗೊಂಡ ಲಿನಕ್ಸ್ ಫೌಂಡೇಷನ್‌ನ ಅತ್ಯುನ್ನತ ದರ್ಜೆಯ ಸದಸ್ಯ ಕಂಪನಿ ವರ್ಷಕ್ಕೆ ಐದು ಲಕ್ಷ ಡಾಲರ್ ಶುಲ್ಕ ಕಟ್ಟುತ್ತದೆ. ಅಪಾಚೆ, ಮೊಜಿಲ್ಲಾ, ಗ್ನೋಮ್ ಪ್ರತಿಷ್ಠಾನಗಳೂ ಇದೇ ಬಗೆಯವು. ಮೂರನೆಯದು ಸರ್ಕಾರಗಳ ಅನುದಾನ. ನಾಲ್ಕನೆಯದು ಬಳಕೆದಾರರ ಕಿರುಕಾಣಿಕೆ. ಮಲೆ ಮಹದೇಶ್ವರ ಬೆಟ್ಟದ ದಾಸೋಹಕ್ಕೆ ಭಕ್ತರು ತಮ್ಮ ಶಕ್ತಿಗೆ ತಕ್ಕಷ್ಟು ಅರ್ಪಿಸುವಂತೆ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನಕ್ಕೆ ಲಕ್ಷಾಂತರ ಓದುಗರು ಅಲ್ಪಸ್ವಲ್ಪ ಕೊಡುತ್ತಾರೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ನಿಂತಿರುವುದು ಆ ಹಣದಿಂದ ನಡೆಯುವ ಯಂತ್ರಗಳ ಮೇಲೆಯೇ.

ನಾಲ್ಕು ದಾರಿಗಳಿದ್ದರೂ ಹಣ ಹರಿಯುವುದು ಎದ್ದು ಕಾಣುವ ಕಡೆಗೆ. ಹೊಸ ಯೋಜನೆಗೆ, ಬಿಡುಗಡೆ ಸಮಾರಂಭಕ್ಕೆ, ದೊಡ್ಡ ಹೆಸರಿಗೆ ದಾನಿಗಳು ಸಿಗುತ್ತಾರೆ. ಹಳೆಯದನ್ನು ಕೆಡದಂತೆ ನೋಡಿಕೊಳ್ಳುವವನಿಗೆ ಯಾರೂ ಸಿಗುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಲೋಪ ಇದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟಿತು. ಬ್ಯಾಂಕುಗಳಿಂದ ಹಿಡಿದು ಅಂಚೆ ಸೇವೆಯವರೆಗೆ ಅಂತರ್ಜಾಲದ ಗುಟ್ಟು ಕಾಯುತ್ತಿದ್ದ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶಕ್ಕೆ ಆಗ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ಅವಘಡವಾದ ಮೇಲೆ ದೊಡ್ಡ ಕಂಪನಿಗಳು ಎಚ್ಚೆತ್ತು, ಲಿನಕ್ಸ್ ಫೌಂಡೇಷನ್ ಮೂಲಕ ತಲಾ ಒಂದು ಲಕ್ಷ ಡಾಲರ್‌ನಂತೆ ಮೂರು ವರ್ಷ ಕೊಡಲು ಒಪ್ಪಿಕೊಂಡವು. ಏರಿ ಒಡೆದ ಮೇಲೆ ಮರಳಿನ ಚೀಲ ಹುಡುಕಿದಂತೆ.

ಇದರಿಂದ ಪಾಠ ಕಲಿತಿದ್ದೇವೆ ಎಂದುಕೊಳ್ಳುವಷ್ಟರಲ್ಲಿ 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝೆಡ್’ ಪ್ರಕರಣ ಬೆಳಕಿಗೆ ಬಂತು. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶವನ್ನು ಫಿನ್ಲೆಂಡಿನ ಒಬ್ಬ ವ್ಯಕ್ತಿ ಸಂಬಳವಿಲ್ಲದೆ ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದರು. ಕೆಲಸದ ಭಾರ ಮತ್ತು ಆರೋಗ್ಯದ ತೊಂದರೆಯಿಂದ ಅವರು ಬಳಲಿದ್ದ ಹೊತ್ತಿನಲ್ಲಿ, ನೆರವಿನ ನೆಪದಲ್ಲಿ ಬಂದ ಅಪರಿಚಿತನೊಬ್ಬ ಎರಡು ವರ್ಷಗಳ ಕಾಲ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಗಿಂಡಿಯನ್ನು ಕೊರೆದ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಮೈಕ್ರೊಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರೋಯಿಂಡ್ ಅನುಮಾನಪಟ್ಟಿದ್ದರಿಂದ ಜಗತ್ತಿನ ಅಸಂಖ್ಯ ಸರ್ವರ್‌ಗಳು ಉಳಿದವು. ಒಬ್ಬನ ದಣಿವು ಎಲ್ಲರ ಅಪಾಯವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಈ ಅಸಮತೋಲನದ ಪ್ರಮಾಣವನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವ್ಯಾಪಕವಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳನ್ನು ಹೊಸದಾಗಿ ಬರೆಯಲು ಆಗುವ ವೆಚ್ಚ ಸುಮಾರು 415 ಕೋಟಿ ಡಾಲರ್. ಆದರೆ ಅವುಗಳನ್ನು ಬಳಸುವ ಪ್ರತಿ ಕಂಪನಿಯೂ ತಾನೇ ಬರೆದುಕೊಳ್ಳಬೇಕಾಗಿ ಬಂದರೆ ಆಗುವ ವೆಚ್ಚ 8.8 ಲಕ್ಷ ಕೋಟಿ ಡಾಲರ್. ಮುಕ್ತ ತಂತ್ರಾಂಶ ಇಲ್ಲದಿದ್ದರೆ ಕಂಪನಿಗಳು ತಂತ್ರಾಂಶಕ್ಕೆ ಈಗಿನದರ ಮೂರೂವರೆ ಪಟ್ಟು ಖರ್ಚು ಮಾಡಬೇಕಾಗುತ್ತಿತ್ತು. ಈ ಮೌಲ್ಯದ ಶೇ 96ರಷ್ಟನ್ನು ಸೃಷ್ಟಿಸಿರುವವರು ಅದನ್ನು ಬರೆಯುವವರಲ್ಲಿ ಕೇವಲ ಶೇ 5 ಮಂದಿ ಎಂದೂ ಅಧ್ಯಯನ ಹೇಳುತ್ತದೆ. ಇಷ್ಟು ದೊಡ್ಡ ಸೌಧ ಇಷ್ಟು ಕಡಿಮೆ ಕಂಬಗಳ ಮೇಲೆ ನಿಂತಿರುವಾಗ ಕಂಬಗಳ ಯೋಗಕ್ಷೇಮ ವಿಚಾರಿಸುವುದನ್ನು ದಾನ ಎನ್ನಲಾದೀತೆ? ಅದು ಸ್ವಹಿತದ ಲೆಕ್ಕಾಚಾರ.

ಕಂಪನಿಗಳ ಹಣಕ್ಕೆ ಅದರದೇ ಆದ ತೊಡಕುಗಳಿವೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಣ ಕೊಟ್ಟವನ ಆದ್ಯತೆಯೇ ಯೋಜನೆಯ ಆದ್ಯತೆಯಾಗುವ ಅಪಾಯ ಇದ್ದೇ ಇದೆ. ಫೈರ್‌ಫಾಕ್ಸ್ ಹೊರತರುವ ಮೊಜಿಲ್ಲಾದ ವರಮಾನದ ಬಹುಪಾಲು ಬರುವುದು ಅದರ ಪ್ರತಿಸ್ಪರ್ಧಿ ಗೂಗಲ್‌ನಿಂದಲೇ. 2020ರಲ್ಲಿ ಮೊಜಿಲ್ಲಾ ಸುಮಾರು 250 ಮಂದಿಯನ್ನು ಕೆಲಸದಿಂದ ತೆಗೆಯಬೇಕಾಯಿತು. ಕನ್ನಡಕ್ಕೆ ಹತ್ತಿರದ ಉದಾಹರಣೆ ‘ಟೆಸರಾಕ್ಟ್’. ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಈ ತಂತ್ರಾಂಶವನ್ನು ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1985ರಿಂದ ಬೆಳೆಸಿ, 2005ರಲ್ಲಿ ಮುಕ್ತಗೊಳಿಸಿತು. 2006ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಗೂಗಲ್ ಅದನ್ನು ಪೋಷಿಸಿತು. ಆ ಅವಧಿಯಲ್ಲೇ ಅದು ಕನ್ನಡವನ್ನೂ ಓದಲು ಕಲಿಯಿತು. ಮುಂದೆ ಕಂಪನಿ ಹಿಂದೆ ಸರಿದಾಗ ಹೊಣೆ ಹೊತ್ತವರು ಸ್ವಯಂಸೇವಕರು. ಹಳೆಯ ಕನ್ನಡ ಪುಸ್ತಕಗಳನ್ನು ಗಣಕಕ್ಕೆ ಏರಿಸಬೇಕೆನ್ನುವವರಿಗೆ ಇಂದಿಗೂ ಸುಲಭವಾಗಿ ಸಿಗುವ ಮುಕ್ತ ಸಾಧನ ಅದು. ಅದರ ಕನ್ನಡದ ತಪ್ಪುಗಳನ್ನು ತಿದ್ದಬೇಕಾದವರು ಯಾರು? ಅಮೆರಿಕದ ಕಂಪನಿಗೆ ಅದು ಅಗತ್ಯವಲ್ಲ, ಜರ್ಮನಿಯ ಸ್ವಯಂಸೇವಕನಿಗೆ ಅದು ಗೊತ್ತಾಗುವುದಿಲ್ಲ. ನಾವೇ ಮಾಡಬೇಕು.

ಮುಕ್ತ ಪರವಾನಗಿಯ ಮಹತ್ವ ಇರುವುದು ಇಲ್ಲಿಯೇ. ಕಂಪನಿ ಕೈಬಿಟ್ಟರೂ ಕೆಲಸ ಸಾಯುವುದಿಲ್ಲ. ಸನ್ ಕಂಪನಿಯನ್ನು ಒರೇಕಲ್ ಕೊಂಡ ಮೇಲೆ ‘ಓಪನ್ ಆಫೀಸ್’ನ ಭವಿಷ್ಯದ ಬಗ್ಗೆ ಆತಂಕಗೊಂಡ ಅಭಿವೃದ್ಧಿಕಾರರು 2010ರಲ್ಲಿ ಅದರ ಸಂಕೇತವನ್ನೇ ಎತ್ತಿಕೊಂಡು ‘ಲಿಬ್ರೆ ಆಫೀಸ್’ ಕಟ್ಟಿದರು. ಅದರ ಬೆನ್ನಿಗೆ ಡಾಕ್ಯುಮೆಂಟ್ ಫೌಂಡೇಷನ್ ಎಂಬ ಪ್ರತಿಷ್ಠಾನ ನಿಂತಿತು. ಬಳಕೆದಾರರ ದೇಣಿಗೆ ಅದರ ಮುಖ್ಯ ಆಧಾರ. ಹಾಗಾಗಿ ಪ್ರಶ್ನೆ ಇರುವುದು ಕಂಪನಿಯ ಹಣ ಬೇಕೋ ಬೇಡವೋ ಎಂಬುದರಲ್ಲಿ ಅಲ್ಲ. ಒಬ್ಬನೇ ದಾನಿಯ ಮರ್ಜಿಗೆ ಸಿಲುಕದಂತೆ, ಹಲವರ ಹಣವನ್ನು ಒಂದೆಡೆ ಕೂಡಿಸಿ, ಲೆಕ್ಕವನ್ನು ಬಹಿರಂಗಪಡಿಸುವ ಸಂಸ್ಥೆ ನಮ್ಮಲ್ಲಿ ಇದೆಯೇ ಎಂಬುದರಲ್ಲಿದೆ.

ಬೆಂಗಳೂರಿನಲ್ಲಿ ಆಶಾದಾಯಕ ಬೆಳವಣಿಗೆಗಳು ಇಲ್ಲದಿಲ್ಲ. ಷೇರು ವಹಿವಾಟಿನ ಕಂಪನಿ ಜೆರೋಧಾ ತನ್ನ ವ್ಯವಹಾರವನ್ನು ಬಹುಮಟ್ಟಿಗೆ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದೆ. ಆ ಋಣವನ್ನು ಒಪ್ಪಿಕೊಂಡು 2024ರ ಅಕ್ಟೋಬರ್‌ನಲ್ಲಿ, ಜಗತ್ತಿನ ಯಾವುದೇ ಮೂಲೆಯ ಮುಕ್ತ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ನೀಡುವ ‘ಫ್ಲಾಸ್ ಫಂಡ್’ ಎಂಬ ನಿಧಿಯನ್ನು ಅದು ಘೋಷಿಸಿತು. ಒಂದೊಂದು ಯೋಜನೆಗೆ 10 ಸಾವಿರದಿಂದ ಒಂದು ಲಕ್ಷ ಡಾಲರ್‌ವರೆಗೆ ಕೊಡುವ ಉದ್ದೇಶ ಅದರದು. 2020ರಲ್ಲಿ ಹುಟ್ಟಿದ ‘ಫಾಸ್ ಯುನೈಟೆಡ್’ ಎಂಬ ಲಾಭರಹಿತ ಪ್ರತಿಷ್ಠಾನ ದೇಶದೊಳಗಿನ ಮುಕ್ತ ತಂತ್ರಾಂಶ ಸಮುದಾಯಗಳನ್ನು ಬೆಸೆಯುತ್ತಿದೆ. ನಂದನ್ ಮತ್ತು ರೋಹಿಣಿ ನಿಲೇಕಣಿ ಅವರ ದತ್ತಿ ಸಂಸ್ಥೆ 2022ರಲ್ಲಿ ಮದ್ರಾಸ್ ಐಐಟಿಯ ‘ಎಐ4ಭಾರತ್’ ಕೇಂದ್ರಕ್ಕೆ 36 ಕೋಟಿ ರೂಪಾಯಿ ನೀಡಿತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಅನುವಾದ ಮತ್ತು ಮಾತು ಗುರುತಿಸುವ ಮಾದರಿಗಳನ್ನು ಅದು ಮುಕ್ತವಾಗಿ ಬಿಡುಗಡೆ ಮಾಡುತ್ತಿದೆ.

ಇವೆಲ್ಲಕ್ಕಿಂತ ಗಾತ್ರದಲ್ಲಿ ಕಿರಿದಾದರೂ ಮಾದರಿಯಾಗಿ ಹಿರಿದಾದದ್ದು ‘ಅಲರ್’ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ಈ ಕನ್ನಡ–ಇಂಗ್ಲಿಷ್ ಕೋಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳೂ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥವಿವರಣೆಗಳೂ ಇವೆ. ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಅವರ ಆಸಕ್ತಿ ಮತ್ತು ನೆರವಿನಿಂದ ಅದು 2019ರಲ್ಲಿ ಮುಕ್ತ ಪರವಾನಗಿಯಡಿ ಅಂತರ್ಜಾಲಕ್ಕೆ ಬಂತು. ಪುಸ್ತಕ ಹುಡುಕಿಕೊಂಡು ಪಟ್ಟಣಕ್ಕೆ ಹೋಗಲಾರದ ವಿದ್ಯಾರ್ಥಿಗೂ ಅದೀಗ ಬೆರಳ ತುದಿಯಲ್ಲಿ ಲಭ್ಯ. ಒಬ್ಬ ವಿದ್ವಾಂಸನ ತಪಸ್ಸು, ಒಬ್ಬ ತಂತ್ರಜ್ಞನ ಕೌಶಲ, ಒಂದು ಕಂಪನಿಯ ಒತ್ತಾಸೆ ಈ ಮೂರೂ ಕೂಡಿದರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ. ಆದರೆ ಇಂಥ ಕೂಡುವಿಕೆ ಆಕಸ್ಮಿಕವಾಗಿಯೇ ಉಳಿದಿದೆ. ನೆರವು ಸಿಗದೆ ಕಪಾಟಿನಲ್ಲೇ ಉಳಿದ ಕೆಲಸಗಳ ಲೆಕ್ಕ ಇಟ್ಟವರಿಲ್ಲ.

ಆಕಸ್ಮಿಕವನ್ನು ವ್ಯವಸ್ಥೆಯನ್ನಾಗಿ ಮಾಡಲು ಕಾನೂನು ಅಡ್ಡ ಬರುತ್ತದೆ ಎಂಬುದು ಅನೇಕ ಉದ್ಯಮಿಗಳ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಯಾವ ಬಾಬತ್ತುಗಳಿಗೆ ವ್ಯಯಿಸಬಹುದೆಂಬುದು ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಶಿಕ್ಷಣ, ಆರೋಗ್ಯ, ಪರಿಸರ, ಪರಂಪರೆಯ ರಕ್ಷಣೆ ಎಲ್ಲವೂ ಅಲ್ಲಿವೆ. ಮುಕ್ತ ತಂತ್ರಾಂಶದ ಹೆಸರಿಲ್ಲ. ಕಂಪನಿಯ ಸಾಮಾನ್ಯ ವ್ಯವಹಾರದ ಭಾಗವಾದ ಚಟುವಟಿಕೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬ ನಿಯಮವೂ ಇದೆ. ದೇಶದ ಹೊರಗೆ ನಡೆಯುವ ಕೆಲಸಕ್ಕೂ ಈ ಹಣ ಹೋಗುವಂತಿಲ್ಲ. ಹೀಗಾಗಿ ನಮ್ಮ ಲಿಪಿಯ ಅಕ್ಷರಗಳನ್ನು ಜೋಡಿಸುವ ಪರದೇಶದ ತಂತ್ರಾಂಶಕ್ಕೆ ಈ ನಿಧಿಯಿಂದ ಬಿಡಿಗಾಸೂ ದೊರೆಯದು. ನೋಂದಣಿಯಿಲ್ಲದ ಸ್ವಯಂಸೇವಕರ ಗುಂಪಿಗೆ ಕೊಡಲು ದಾರಿಯೇ ಇಲ್ಲ.

ಆದರೆ ಕಾನೂನಿನ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಖಾತೆಯಿಂದಲೇ ಇದನ್ನು ಕೊಡಬೇಕೆಂದು ಯಾರೂ ವಿಧಿಸಿಲ್ಲ. ಕಚೇರಿಯ ವಿದ್ಯುತ್ ಬಿಲ್ಲನ್ನು ಯಾರೂ ಸಮಾಜಸೇವೆ ಎಂದು ಬರೆದುಕೊಳ್ಳುವುದಿಲ್ಲ. ತನ್ನ ಸರ್ವರ್‌ಗಳು ಯಾವ ತಂತ್ರಾಂಶದಿಂದ ನಡೆಯುತ್ತಿವೆಯೋ ಅದರ ನಿರ್ವಹಣೆಗೆ ಕೊಡುವ ಹಣವೂ ವ್ಯವಹಾರದ ಸಾಮಾನ್ಯ ಖರ್ಚೇ. ಅದನ್ನು ದಾನದ ಪಟ್ಟಿಯಿಂದ ತೆಗೆದು ದುರಸ್ತಿಯ ಪಟ್ಟಿಗೆ ಸೇರಿಸಿದ ದಿನ ಮುಜುಗರ, ಪ್ರಚಾರ, ಸನ್ಮಾನ ಯಾವುದರ ಅಗತ್ಯವೂ ಇರುವುದಿಲ್ಲ.

ಸರ್ಕಾರಗಳೂ ಕೈಕಟ್ಟಿ ಕುಳಿತಿಲ್ಲ. ಜರ್ಮನಿ 2022ರಲ್ಲಿ ಇದಕ್ಕೆಂದೇ ‘ಸಾವರಿನ್ ಟೆಕ್ ಫಂಡ್’ ಸ್ಥಾಪಿಸಿತು. ಲಿನಕ್ಸ್ ಬಳಕೆದಾರರ ಮುಖ್ಯ ಪರದೆ ವ್ಯವಸ್ಥೆಗಳಲ್ಲೊಂದಾದ ‘ಗ್ನೋಮ್’ಗೆ 2023ರಲ್ಲಿ ಅದು ಹತ್ತು ಲಕ್ಷ ಯೂರೊ ಕೊಟ್ಟಿತು. ಅದರಿಂದ ಜರ್ಮನಿಗೆ ಮಾತ್ರ ಲಾಭವೇ ಎಂದು ಅಲ್ಲಿ ಯಾರೂ ಹಟ ಹಿಡಿಯಲಿಲ್ಲ. ಅಷ್ಟು ದೂರ ಹೋಗಬೇಕಿಲ್ಲ. ನೆರೆಯ ಕೇರಳ ತನ್ನ ಶಾಲೆಗಳ ಗಣಕಗಳನ್ನು ಲಿನಕ್ಸ್‌ಗೆ ಒಗ್ಗಿಸಿ ವರ್ಷಗಳೇ ಆಗಿವೆ. ಮುಕ್ತ ತಂತ್ರಾಂಶಕ್ಕೆಂದೇ ತಿರುವನಂತಪುರದಲ್ಲಿ ‘ಐಸಿಫಾಸ್’ ಎಂಬ ಸ್ವಾಯತ್ತ ಸಂಸ್ಥೆಯನ್ನು ಅಲ್ಲಿನ ಸರ್ಕಾರ ಕಟ್ಟಿದೆ. ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಬಳಗ ಮಲಯಾಳಂಗೆ ಸುಂದರ ಮುಕ್ತ ಅಕ್ಷರಶೈಲಿಗಳ ಸಾಲನ್ನೇ ಕೊಟ್ಟಿದೆ. ಉತ್ಸಾಹಿಗಳಿಗೆ ಕರ್ನಾಟಕದಲ್ಲೂ ಬರವಿಲ್ಲ. ಅವರ ಬೆನ್ನಿಗೆ ನಿಲ್ಲುವ ಶಾಶ್ವತ ಏರ್ಪಾಡಿಗೆ ಬರವಿದೆ.

ಇಂಥ ಏರ್ಪಾಡು ನಮ್ಮ ನೆಲಕ್ಕೆ ಹೊಸದೇನಲ್ಲ. ಕರ್ನಾಟಕದ ಶಾಸನಗಳಲ್ಲಿ ಕೆರೆಗಳ ಪ್ರಸ್ತಾಪ ಬರುವಾಗ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಮಾತುಗಳು ಮತ್ತೆಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನು ಪುಣ್ಯವಂತನೇ ಸರಿ. ಆದರೆ ಆ ಕೆರೆಯನ್ನು ಮುಂದೆ ನೋಡಿಕೊಳ್ಳುವವನ ಜೀವನ ನಡೆಯುವುದು ಹೇಗೆ ಎಂಬುದನ್ನೂ ಅಂದಿನವರು ಯೋಚಿಸಿದ್ದರು. ಕೆರೆಯ ನೀರುಣ್ಣುವ ಗದ್ದೆಯಲ್ಲೇ ಒಂದು ಪಾಲನ್ನು ಅದರ ರಕ್ಷಣೆಗೆ ಬಿಟ್ಟರು. ಹೂಳೆತ್ತುವ ಬಂಡಿಯ ಖರ್ಚಿಗೆಂದು ಭೂಮಿ ಬಿಟ್ಟ ದಾಖಲೆಗಳೂ ಇವೆ. ಅದರ ಹಿಂದಿನ ತತ್ತ್ವ ಸರಳ: ನೀರಿನ ಫಲ ಉಂಡವರು ಏರಿಯ ಖರ್ಚು ಕೊಡಬೇಕು, ಮತ್ತು ಆ ಖರ್ಚು ಅರಸನ ಮರ್ಜಿಗೆ ಕಾಯದೆ ವರ್ಷವರ್ಷ ತಾನಾಗಿ ಹುಟ್ಟಬೇಕು. ಮುಕ್ತ ತಂತ್ರಾಂಶ ನಮ್ಮ ಕಾಲದ ಊರಕೆರೆ. ಅದಕ್ಕೊಂದು ಬಿತ್ತುವಟ್ಟ ಬೇಕು.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದಾಗಿ, ರಾಜ್ಯ ಸರ್ಕಾರದ ಹಣದಿಂದ ಸಿದ್ಧವಾಗುವ ಪ್ರತಿಯೊಂದು ಕನ್ನಡ ತಂತ್ರಾಂಶ, ಅಕ್ಷರಶೈಲಿ, ನಿಘಂಟು, ಪದಕೋಶ ಮತ್ತು ಪಠ್ಯಸಂಚಯದ ಆಕರವನ್ನು ಮುಕ್ತ ಪರವಾನಗಿಯಡಿ ಪ್ರಕಟಿಸುವುದನ್ನು ಕಡ್ಡಾಯಗೊಳಿಸಬೇಕು. ಜನರ ಹಣದಿಂದ ಬರೆದದ್ದು ಜನರದು. ಟೆಂಡರ್ ಕರೆಯುವಾಗಲೇ ಐದು ವರ್ಷಗಳ ನಿರ್ವಹಣೆಯ ವೆಚ್ಚವನ್ನು ಪ್ರತ್ಯೇಕವಾಗಿ ಎತ್ತಿಡಬೇಕು. ಬಿಡುಗಡೆ ಸಮಾರಂಭದ ಛಾಯಾಚಿತ್ರದೊಂದಿಗೆ ಯೋಜನೆ ಮುಗಿಯುವ ಪದ್ಧತಿ ನಿಲ್ಲಬೇಕು.

ಎರಡನೆಯದಾಗಿ, ಕನ್ನಡದ ಗಣಕ ಸಾಧನಗಳ ನಿರ್ವಹಣೆಗೆಂದೇ ಒಂದು ಮೂಲನಿಧಿ ಸ್ಥಾಪನೆಯಾಗಬೇಕು. ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ನಿರ್ವಾಹಕರಿಗೆ ಸಂಭಾವನೆ ಕೊಡುವ ನಿಧಿ ಅದಾಗಬೇಕು. ಸರ್ಕಾರ ಒಂದು ಪಾಲು ಹಾಕಲಿ, ಬೆಂಗಳೂರಿನ ಕಂಪನಿಗಳು ಇನ್ನೊಂದು ಪಾಲು ಹಾಕಲಿ, ಹೊರದೇಶದ ಕನ್ನಡಿಗರು ಮತ್ತೊಂದು ಪಾಲು ಹಾಕಲಿ. ಅದನ್ನು ನಡೆಸುವ ಮಂಡಳಿಯಲ್ಲಿ ಅಧಿಕಾರಿಗಳಿಗಿಂತ ತಂತ್ರಾಂಶ ಬರೆಯುವವರು, ಭಾಷಾ ತಜ್ಞರು, ಅಂಧ ಬಳಕೆದಾರರ ಪ್ರತಿನಿಧಿಗಳು ಹೆಚ್ಚಿರಬೇಕು. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಕೊಡಲಾಯಿತು ಎಂಬುದು ವರ್ಷವರ್ಷ ಪ್ರಕಟವಾಗಬೇಕು. ಹಳೆಯ ತಂತ್ರಾಂಶದ ದೋಷ ತಿದ್ದುವುದಕ್ಕೆ ಮೊದಲ ಆದ್ಯತೆ, ಹೊಸತಕ್ಕೆ ಎರಡನೆಯದು.

ಮೂರನೆಯದಾಗಿ, ಮುಕ್ತ ತಂತ್ರಾಂಶದ ಪೋಷಣೆಯನ್ನು ಕಂಪನಿ ಕಾಯ್ದೆಯ ಏಳನೇ ಅನುಸೂಚಿಗೆ ಸೇರಿಸುವಂತೆ ರಾಜ್ಯ ಕೇಂದ್ರವನ್ನು ಒತ್ತಾಯಿಸಬೇಕು. ನಾಲ್ಕನೆಯದು ಕಂಪನಿಗಳು ಯಾರ ಅಪ್ಪಣೆಗೂ ಕಾಯದೆ ಮಾಡಬಹುದಾದ ಕೆಲಸ. ತಾವು ಬಳಸುವ ಮುಕ್ತ ತಂತ್ರಾಂಶಗಳ ಪಟ್ಟಿ ಮಾಡಿ, ವರ್ಷದ ತಂತ್ರಜ್ಞಾನ ವೆಚ್ಚದಲ್ಲಿ ಒಂದು ಸಣ್ಣ ಭಾಗವನ್ನು ಅವುಗಳಿಗೆ ಮೀಸಲಿಡಬೇಕು. ಕನ್ನಡ ಬಲ್ಲ ಉದ್ಯೋಗಿಗಳಿಗೆ ವಾರದಲ್ಲಿ ಕೆಲವು ಗಂಟೆಗಳನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕು.

ಹಣ ಬಂದರೆ ಸ್ವಯಂಸೇವೆಯ ಪಾವಿತ್ರ್ಯ ಕೆಡುತ್ತದೆ ಎನ್ನುವ ಹಿರಿಯರಿದ್ದಾರೆ. ಅವರ ಆತಂಕವನ್ನು ಗೌರವಿಸೋಣ. ಆದರೆ ಬಿಡುವು ಎಂಬುದೂ ಒಂದು ಆಸ್ತಿ, ಅದು ಎಲ್ಲರಿಗೂ ಸಮನಾಗಿ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಒಳ್ಳೆಯ ಸಂಬಳದ ನೌಕರಿ ಇದ್ದವನು ರಾತ್ರಿ ಉಚಿತವಾಗಿ ದುಡಿಯಬಲ್ಲ. ಹನೂರಿನ ಕಾಲೇಜಿನಲ್ಲಿ ಓದಿ ಮನೆಯ ಸಾಲ ತೀರಿಸಬೇಕಾದ ಹುಡುಗಿಗೆ ಪ್ರತಿಭೆ ಎಷ್ಟಿದ್ದರೂ ಅದು ಸಾಧ್ಯವಿಲ್ಲ. ಸಂಭಾವನೆ ಇಲ್ಲದ ಕಡೆ ಸೇವೆ ಉಳ್ಳವರ ಹವ್ಯಾಸವಾಗಿಯೇ ಉಳಿಯುತ್ತದೆ.

ಇದರ ಪರಿಣಾಮ ಬರೀ ಸಂಬಳಕ್ಕೆ ಸೀಮಿತವಲ್ಲ. ಮಾತನ್ನು ಕೇಳಿ ಬರೆಯುವ, ಪ್ರಶ್ನೆಗೆ ಉತ್ತರಿಸುವ ಯಂತ್ರಗಳು ಈಗ ಬಂದಿವೆ. ಅವು ಕಲಿಯುವುದು ತಮಗೆ ಉಣಿಸಿದ ಕನ್ನಡವನ್ನು. ಕೊಳ್ಳೇಗಾಲ ಸೀಮೆಯ ಆಡುನುಡಿ, ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರ ಪದಗಳು, ಬೆಟ್ಟದ ಸೋಲಿಗರ ಮಾತು ಇವುಗಳಲ್ಲಿ ಯಾವ ಕಂಪನಿಗೂ ಮಾರುಕಟ್ಟೆ ಕಾಣುವುದಿಲ್ಲ. ಮಾದರಿಗಳು ಮುಕ್ತವಾಗಿದ್ದರೆ, ಅವನ್ನು ತಿದ್ದುವವರಿಗೆ ಅನ್ನಕ್ಕೆ ದಾರಿಯಿದ್ದರೆ, ಆ ಸೀಮೆಯವರೇ ಕುಳಿತು ತಮ್ಮ ಮಾತನ್ನು ಯಂತ್ರಕ್ಕೆ ಕಲಿಸಬಹುದು. ಇಲ್ಲವಾದರೆ ಏಕೀಕರಣಕ್ಕೆ ಮೊದಲು ಪರಭಾಷೆಯ ಕಚೇರಿಯ ಮುಂದೆ ನಿಂತವರ ಮೊಮ್ಮಕ್ಕಳು ತಮ್ಮ ಮಾತು ಅರ್ಥವಾಗದ ಯಂತ್ರದ ಮುಂದೆ ನಿಲ್ಲುತ್ತಾರೆ.

ರಾಜ್ಯದ ಮುಂದಿನ ಆಯವ್ಯಯದಲ್ಲಿ ಕನ್ನಡದ ಹೆಸರಿನಲ್ಲಿ ಹಲವು ಬಾಬತ್ತುಗಳಿಗೆ ಹಣ ಹಂಚಿಕೆಯಾಗುತ್ತದೆ, ಭವನಗಳಿರುತ್ತವೆ, ಉತ್ಸವಗಳಿರುತ್ತವೆ. ಅವುಗಳ ನಡುವೆ ನಿರ್ವಹಣೆ ಎಂಬ ಒಂದು ಸಾಲು ಇದೆಯೇ ಎಂದು ಓದುಗರು ಹುಡುಕಿ ನೋಡಬೇಕು. ಇಲ್ಲದಿದ್ದರೆ ತಮ್ಮ ಶಾಸಕರನ್ನು ಕೇಳಬೇಕು.